ಇಂಗು ತಿಂದ ಕರಡಿ

ಉತ್ತರ ಕ್ಯಾರೊಲೈನಾದ ಮೌಂಟ್ ಮಿಚೆಲ್ ಸ್ಟೇಟ್ ಪಾರ್ಕಿನಲ್ಲಿ ಟೆಂಟು ಹಾಕಿ ರಾತ್ರಿ ಕಳೆಯಲು ಆಗ ಇದ್ದ ಜಾಗಗಳು ಒಂಬತ್ತೇ ಒಂಬತ್ತು. ನಾವಿರುವ ರಾಲಿ ನಗರದ ಸುತ್ತಮುತ್ತಲಿನ ಕನ್ನಡದ ಮನೆಯವರು ಮಾತ್ರ ಹೊರಟರೂ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಆದ್ದರಿಂದ ಜುಲೈ ತಿಂಗಳ ಒಂದು ಶುಕ್ರವಾರಕ್ಕಾಗಿ ನಾನು ಚಳಿಗಾಲ ಕಳೆಯುವ ಮುನ್ನವೇ ಕಂಪ್ಯೂಟರಿನ ಮುಂದೆ ಕುಳಿತು, ತತ್ಕಾಲ್ ಟಿಕೆಟ್ ಹಿಡಿದು ಪಳಗಿದ ಬೆರಳುಗಳಿಂದ ಒಂದು ಜಾಗವನ್ನು ಗಿಟ್ಟಿಸಿಕೊಂಡೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬಂದು ಆ ಪಾರ್ಕಿನ ಬಾಗಿಲು ಮುಚ್ಚಿಸುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತಿದು. ಜಾಗ ಸಿಕ್ಕಿದ ಮೇಲೆ ಉಳಿಯುವುದು ಗಂಟುಮೂಟೆ ಕಟ್ಟುವ ಕೆಲಸವಷ್ಟೇ ಎಂದು ಆಗ ನಂಬಿದ್ದೆ.

ಆ ಬೇಸಿಗೆಗೆ ಅಮ್ಮ ಚಿಕ್ಕಮಗಳೂರಿನಿಂದ ಬಂದಿದ್ದರು. "ಮನೇಲಿ ಮೂರು ಮಂಚ ಇಟ್ಕೊಂಡು, ದುಡ್ಡು ಕೊಟ್ಟು ನೆಲದ ಮೇಲೆ ಮಲಗೋಕೆ ಹೋಗ್ತಾರೇನೋ?" ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಅಮೆರಿಕದಲ್ಲಿ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಮೌಂಟ್ ಮಿಚೆಲ್‌ಗಿಂತ ಎತ್ತರದ ಬೆಟ್ಟವಿಲ್ಲ, 6,684 ಅಡಿ, ಅಂದರೆ 2,037 ಮೀಟರ್ ಎಂದು ನಾನು ಬೀಗಿದೆ. ಮುಳ್ಳಯ್ಯನಗಿರಿ ಎಷ್ಟು ಎಂದು ಅವರು ಕೇಳಿದರು. ಸುಮಾರು 1,930 ಮೀಟರ್ ಎಂದು ಒಪ್ಪಿಕೊಳ್ಳಬೇಕಾಯಿತು. "ನೂರು ಮೀಟರ್ ಜಾಸ್ತಿ ನೋಡೋಕೆ ಸಮುದ್ರ ದಾಟಿ ಬಂದೆ ಅನ್ನು" ಎಂದು ಅವರು ಬೀನ್ಸ್ ಬಿಡಿಸುವುದನ್ನು ಮುಂದುವರಿಸಿದರು.

ಅವರ ಮನಸ್ಸು ತಿರುಗಿದ್ದು ಪ್ರೊಫೆಸರ್ ಎಲಿಷಾ ಮಿಚೆಲ್ ಅವರ ಕಥೆಯಿಂದ. ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಈ ಮನುಷ್ಯ 1835ರಲ್ಲಿ ವಾಯುಭಾರಮಾಪಕ ಹೊತ್ತು ಈ ಬೆಟ್ಟಸಾಲಿನ ಎತ್ತರವನ್ನು ಅಳೆದರು. ಮುಂದೆ ಅವರ ವಿದ್ಯಾರ್ಥಿಯೇ ಆಗಿದ್ದ ಥಾಮಸ್ ಕ್ಲಿಂಗ್‌ಮನ್ ಆ ಅಳತೆಯ ಬಗ್ಗೆ ತಕರಾರು ಎತ್ತಿದ್ದರಿಂದ, 1857ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ತಮ್ಮ ಮಾತನ್ನು ಸಾಧಿಸಲು ಮತ್ತೆ ಬೆಟ್ಟ ಹತ್ತಿ, ಜಲಪಾತವೊಂದರ ಬಳಿ ಕಾಲು ಜಾರಿ ಬಿದ್ದು ಸತ್ತರು. ಅವರ ಸಮಾಧಿ ಇರುವುದು ಶಿಖರದ ನೆತ್ತಿಯಲ್ಲೇ. ಅಮ್ಮನಿಗೆ ಅಡಿ-ಮೀಟರುಗಳಲ್ಲಿ ಕಾಣದ ಬೆಟ್ಟ ಇಲ್ಲಿ ಕಂಡಿತು. ಮುಳ್ಳಯ್ಯನಗಿರಿಯ ತುದಿಯಲ್ಲೂ ಗದ್ದುಗೆ ಇದೆಯಲ್ಲ! "ಬರ್ತೀನಿ, ಆದರೆ ಬರಿಗೈಲಿ ಬರಲ್ಲ" ಎಂದು ಅವರು ಊದುಬತ್ತಿಯ ಪೊಟ್ಟಣವೊಂದನ್ನು ತೆಗೆದಿಟ್ಟರು.

ಒಯ್ಯಬೇಕಾದ ಸಾಮಾನುಗಳ ನನ್ನ ಪಟ್ಟಿಗೆ ಅಪಾಯ ಬಂದಿದ್ದು ಈ ಊದುಬತ್ತಿಯಿಂದ. ಅದು ಕಪ್ಪು ಕರಡಿಗಳ ಸೀಮೆ. ತಿನ್ನುವ ವಸ್ತು ಮಾತ್ರವಲ್ಲ, ವಾಸನೆ ಬರುವ ಯಾವ ವಸ್ತುವನ್ನೂ ಟೆಂಟಿನೊಳಗೆ ಇಟ್ಟುಕೊಳ್ಳಬಾರದು. ಟೂತ್‌ಪೇಸ್ಟು, ಸೋಪು, ತುಟಿಗೆ ಹಚ್ಚುವ ಮುಲಾಮನ್ನೂ ಸೇರಿಸಿ ಎಲ್ಲವನ್ನೂ ಕಾರಿನಲ್ಲಿಟ್ಟು ಬೀಗ ಹಾಕಬೇಕು ಅಥವಾ ಕರಡಿ ತೆರೆಯಲಾಗದ ಪೆಟ್ಟಿಗೆಯಲ್ಲಿ ಇಡಬೇಕು. ಈ ನಿಯಮವನ್ನು ಬರೆದವರ ಮನೆಗಳಲ್ಲಿ ವಾಸನೆ ಬರುವ ವಸ್ತುಗಳು ಬಹುಶಃ ಎಣಿಸಿದಷ್ಟೇ ಇರುತ್ತವೆ. ನಮ್ಮ ಅಡುಗೆಮನೆಯಲ್ಲಿ ವಾಸನೆ ಬಾರದ್ದು ಯಾವುದು ಎಂದು ನಾನೂ ನನ್ನ ಹೆಂಡತಿಯೂ ಒಂದು ಸಂಜೆ ಪೂರ್ತಿ ಹುಡುಕಿದೆವು. ಸಾರಿನ ಪುಡಿ, ಚಟ್ನಿಪುಡಿ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ, ಬೆಲ್ಲದ ಜೊತೆ ಏಲಕ್ಕಿ, ಅಮ್ಮನ ನೋವಿನೆಣ್ಣೆ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಎಲ್ಲಕ್ಕಿಂತ ಮಿಗಿಲಾಗಿ ಇಂಗಿನ ಡಬ್ಬಿ. ಅದರ ಮುಚ್ಚಳವನ್ನು ಎಷ್ಟು ಒತ್ತಿ ಮುಚ್ಚಿ, ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದರಂತೆ ಸುತ್ತಿಟ್ಟರೂ, ಬೆಳಗಾಗುವ ಹೊತ್ತಿಗೆ ಬೀರುವಿನ ಬಟ್ಟೆಗಳಿಗೂ ಸುದ್ದಿ ಮುಟ್ಟಿರುತ್ತಿತ್ತು. ಇಂಗು ತಿಂದ ಮಂಗನ ಪಾಡು ನಮಗೆ ಗೊತ್ತು. ಇಂಗು ತಿಂದ ಕರಡಿಯ ಬಗ್ಗೆ ನಮ್ಮ ಹಿರಿಯರು ಏನೂ ಹೇಳಿಹೋಗಿಲ್ಲ. "ಪಾಪ, ಅದಕ್ಕೂ ಅಜೀರ್ಣ ಹೋಗ್ಲಿ ಬಿಡಮ್ಮ" ಎಂದು ಅಮ್ಮ ಸೊಸೆಗೆ ಸಮಾಧಾನ ಹೇಳಿದರು.

ಸೌದೆಯನ್ನು ಊರಿನಿಂದ ಹೊತ್ತೊಯ್ಯಬಾರದು ಎಂಬುದು ಇನ್ನೊಂದು ಕಟ್ಟು. ಸೌದೆಯೊಳಗೆ ಅಡಗಿ ಕೀಟಗಳು ಹೊಸ ಕಾಡಿಗೆ ಹರಡುತ್ತವೆ. ಆ ಬೆಟ್ಟಕ್ಕೆ ಇದು ಬರಿಯ ಭಯವಲ್ಲ; ಯುರೋಪಿನಿಂದ ಬಂದ ಹೇನಿನಷ್ಟು ಸಣ್ಣ ಕೀಟವೊಂದು ಅಲ್ಲಿನ ಫ್ರೇಸರ್ ಫರ್ ಮರಗಳನ್ನು ಸಾಲುಸಾಲಾಗಿ ಕೊಂದು ಬೋಳು ಕಂಬಗಳನ್ನಾಗಿ ನಿಲ್ಲಿಸಿದೆ.

ಚಳಿಯ ವಿಷಯದಲ್ಲಿ ಮಾತ್ರ ನಾನು ಸೋತೆ. ಜುಲೈ ತಿಂಗಳಲ್ಲಿ ರಾಲಿಯಲ್ಲಿ ಫ್ಯಾನಿನ ಕೆಳಗೂ ಬೆವರುವವನಿಗೆ ನಾಲ್ಕು ಗಂಟೆಗೂ ಮಿಕ್ಕಿದ ದಾರಿಯ ಕೊನೆಯಲ್ಲಿ ಹತ್ತು ಡಿಗ್ರಿಯ ಇರುಳು ಇರುತ್ತದೆಂದು ಕಲ್ಪಿಸಿಕೊಳ್ಳುವುದೇ ಕಷ್ಟ. ನಾನು ಹೇಗೆ ಮಡಿಸಿದರೂ ಅಂಗೈಯಗಲವಾಗುವ, ದುಬಾರಿಯಾದ, ತೆಳ್ಳಗಿನ ಸ್ಲೀಪಿಂಗ್ ಬ್ಯಾಗುಗಳನ್ನು ಕೊಂಡುತಂದಿದ್ದೆ. ಅಮ್ಮ ಅದರ ಬಟ್ಟೆಯನ್ನು ಎರಡು ಬೆರಳುಗಳ ನಡುವೆ ಹೊಸಕಿ ನೋಡಿ, ಏನೂ ಅನ್ನದೆ, ಒಳಗಿನಿಂದ ನಾಲ್ಕು ಉಣ್ಣೆಯ ಮಂಕಿ ಟೋಪಿಗಳನ್ನೂ ಎರಡು ರಗ್ಗುಗಳನ್ನೂ ತಂದು ಕಾರಿನ ಹಿಂದಿನ ಸೀಟಿನ ಮೇಲಿಟ್ಟರು. ಮಂಜು, ಗಾಳಿ, ಗಿರಿಯ ತುದಿ ಎಂದರೆ ಏನೆಂದು ಬಲ್ಲವರು ನಮ್ಮಲ್ಲಿ ಅವರೊಬ್ಬರೇ ಆಗಿದ್ದರು. ಪಟ್ಟಿ ಬರೆಯುವ ಮುಂಚೆ ಅವರನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಆ ರಾತ್ರಿ ನಾಲ್ವರೂ ಮಂಕಿ ಟೋಪಿ ಧರಿಸಿ, ಮೈಯಲ್ಲಿ ಯಾವ ಪರಿಮಳವೂ ಇಲ್ಲದೆ ಮಲಗಿದೆವು. ಕರಡಿ ಬರಲಿಲ್ಲ. ಬೆಳಗ್ಗೆ ಅಮ್ಮ ಪುಟ್ಟ ಸ್ಟೌವಿನ ಮೇಲೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಾಗ, ಕರಿಬೇವು ಚಟಗುಟ್ಟಿ ಇಂಗಿನ ಘಾಟು ಮಂಜಿನೊಳಗೆ ಹರಡಿತು. ಪಕ್ಕದ ಟೆಂಟಿನ ಜಿಪ್ಪು ಸರಿದು, ವಯಸ್ಸಾದ ಗಂಡಹೆಂಡಿರು ಮೂಗರಳಿಸುತ್ತ ಹೊರಗೆ ಬಂದು ನಮ್ಮ ಕಡೆ ನೋಡಿ ನಕ್ಕರು. ಅಮ್ಮ ಬಾಣಲೆಗೆ ಇನ್ನೊಂದು ಹಿಡಿ ರವೆ ಸುರಿದು ನನ್ನತ್ತ ತಿರುಗಿದರು.

"ಹೆಚ್ಚಿಗೆ ಎರಡು ತಟ್ಟೆ ತಂದಿದೀಯಾ?"

ಮೂರು ಪುಟದ ನನ್ನ ಪಟ್ಟಿಯಲ್ಲಿ ತಟ್ಟೆ ನಾಲ್ಕೇ ಇತ್ತು.