ಗುಜರಿ ಅಂದ್ರೆ ನಾನು ಸುಮ್ನಿರಲ್ಲ

ಆಯುಧ ಪೂಜೆಗೆ ಅಂತ ತುಮಕೂರಿನ ನಮ್ಮ ಮನೆಗೆ ಎಲ್ಲರೂ ಬಂದಿದ್ದರು. ಟ್ರ್ಯಾಕ್ಟರ್, ಬೈಕು, ಮಚ್ಚು, ಕುಡುಗೋಲಿನ ಜೊತೆ ನನ್ನ ರೈಫಲ್‌ಗೂ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟಿದ್ದೆ. ಅಕ್ಕನ ಮಗ ನೋಡಿದವನೇ, "ಮಾವ, ಇದನ್ನ ಗುಜರಿಗೆ ಹಾಕಿ, ಈಗೇನಿದ್ರೂ ಹೊಸ ಎಕೆ-203 ರೈಫಲ್ ಕಾಲ" ಅಂದ. ಹಬ್ಬದ ದಿನ ಬೈಯೋದು ಬೇಡ ಅಂತ ತಡೆದುಕೊಂಡೆ. ಇಲ್ಲಿ ಹೇಳಿಬಿಡುತ್ತೇನೆ.

ಎನ್‌ಸಿಸಿ ಕ್ಯಾಂಪಿನಲ್ಲಿ ತ್ರೀ ನಾಟ್ ತ್ರೀ, ಅಂದರೆ ಬ್ರಿಟಿಷರ ಕಾಲದ .303 ಲೀ ಎನ್‌ಫೀಲ್ಡ್ ರೈಫಲ್, ಹಿಡಿದಾಗಿನಿಂದ ನನಗೆ ಈ ಹುಚ್ಚು. ಹೆಗಲಿಗೆ ಒತ್ತುವ ಬಟ್ಟಿನ ಹಿತ್ತಾಳೆ ಮುಚ್ಚಳ ತೆಗೆದು ನಳಿಗೆ ಒರೆಸುವ ಪುಲ್ ಥ್ರೂ ಹಗ್ಗ, ಎಣ್ಣೆ ಬಾಟಲಿ ಹೊರಗೆ ತೆಗೆಯುವುದೇ ಒಂದು ಖುಷಿ. ಆ ಬೋರ್, ಅಂದರೆ ಆ ಅಳತೆಯ ನಳಿಗೆ, ನಮ್ಮಂಥವರಿಗೆ ನಿಷೇಧ, ಲೈಸೆನ್ಸ್ ಸಿಗಲ್ಲ. ಸಿಗುವುದು ಆರ್ಡ್‌ನನ್ಸ್ ಫ್ಯಾಕ್ಟರಿಯ .315 ಸ್ಪೋರ್ಟಿಂಗ್ ರೈಫಲ್. ಒಳಗಿರುವುದು ಅದೇ ಲೀ ಎನ್‌ಫೀಲ್ಡ್ ಮಾದರಿಯ ಬೋಲ್ಟ್, ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಉಕ್ಕಿನ ಅಗುಳಿ. ವರ್ಷಗಟ್ಟಲೆ ಆಫೀಸುಗಳಿಗೆ ಅಲೆದದ್ದು ಇದಕ್ಕೇ.

ಬೋಲ್ಟ್ ಎತ್ತಿ ಎಳೆದರೆ ಸಲೀಸಾಗಿ ಹಿಂದೆ ಬರುತ್ತದೆ. ಮುಂದಕ್ಕೆ ತಳ್ಳುವಾಗ ಕೊನೆಯಲ್ಲಿ ಸ್ಪ್ರಿಂಗ್ ಅಂಗೈಗೆ ಎದುರು ಒತ್ತುತ್ತದೆ. ಅಲ್ಲೇ ಕಾಕ್ ಆಗೋದು, ಅಂದರೆ ಗುಂಡು ಹಾರಿಸಲು ಸಜ್ಜಾಗೋದು. ಬೋಲ್ಟನ್ನು ಪೂರ್ತಿ ಹೊರಗೆ ತೆಗೆದು ಹಿಂದಿನಿಂದ ಕಣ್ಣಿಟ್ಟರೆ, ನಳಿಗೆಯೊಳಗಿನ ಗೆರೆಗಳು ಸುತ್ತುತ್ತಾ ಬೆಳಕಿನ ಕಡೆಗೆ ಹೋಗುವುದು ಕಾಣುತ್ತದೆ. ಯಾವ ಭಾಗ ಯಾಕಿದೆ ಅಂತ ಕೈಗೇ ಅರ್ಥವಾಗುತ್ತದೆ. ಇದು ಗುಜರಿನಾ?

1907ರಲ್ಲಿ ಬಂದ ತ್ರೀ ನಾಟ್ ತ್ರೀಯ ಮಾರ್ಕ್ 3 ಮಾದರಿ ನಮ್ಮವರ ಕೈಯಲ್ಲಿ ಎರಡು ಮಹಾಯುದ್ಧ ನೋಡಿತು. ಮ್ಯಾಗಜೀನಿಗೆ ಹತ್ತು ತೋಟಾ. ಪಳಗಿದ ಸಿಪಾಯಿ ನಿಮಿಷಕ್ಕೆ ಹದಿನೈದು ಸಲ ಗುರಿಯಿಟ್ಟು ಹೊಡೆಯುತ್ತಿದ್ದ. 1962ರ ಯುದ್ಧದ ನಂತರವೂ ಪಶ್ಚಿಮ ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆ ಅದೇ ವಿನ್ಯಾಸಕ್ಕೆ ಇನ್ನೂ ಗಟ್ಟಿ ಉಕ್ಕು ಹಾಕಿ, 7.62 ಎಂಎಂ ತೋಟಾಕ್ಕೆ ಹೊಂದಿಸಿ 2ಎ ಅಂತ ಮಾಡಿತು. ಆಮೇಲೆ ನಮ್ಮ ಸೇನೆಗೆ ಬಂದ ಇನ್ಸಾಸ್ ರೈಫಲ್ ಹೊಸದೇ ಅಲ್ವಾ? ಕಾರ್ಗಿಲ್ ಚಳಿಗೆ ಅದರ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಟ್ಟ ದೂರುಗಳು ಬಂದವು. ಈಗ ಅದನ್ನೂ ಪಕ್ಕಕ್ಕಿಟ್ಟು, ಅಮೇಥಿಯ ಕೊರ್ವಾದಲ್ಲಿ ಎಕೆ-203 ತಯಾರಿಸುತ್ತಿದ್ದೇವೆ.

ಒಂದು ಮಾತು ಹೇಳುವವರಿದ್ದಾರೆ, ನನಗೂ ಗೊತ್ತು. 2008ರ ನವೆಂಬರ್ 26ರ ರಾತ್ರಿ ಮುಂಬೈ ರೈಲು ನಿಲ್ದಾಣದಲ್ಲಿ ಪೊಲೀಸರ ಕೈಲಿದ್ದದ್ದು ತ್ರೀ ನಾಟ್ ತ್ರೀ, ಎದುರಿಗಿದ್ದದ್ದು ಎಕೆ-47. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗಡಿಯಲ್ಲಿರುವವನಿಗೂ ಠಾಣೆಯಲ್ಲಿರುವವನಿಗೂ ಒಳ್ಳೆಯ ಹೊಸ ರೈಫಲ್ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯದನ್ನು ಕೊಟ್ಟು ಹೊಸದರ ಎದುರು ನಿಲ್ಲಿಸಿದ್ದು ಮನುಷ್ಯರು. ಆ ತಪ್ಪನ್ನು ರೈಫಲ್ ತಲೆಗೆ ಕಟ್ಟಬೇಡಿ. ನಿಧಾನವಾಗಿ ಉಸಿರು ಹಿಡಿದು ಒಂದೇ ಗುಂಡು ಗುರಿಗೆ ಹೊಡೆಯುವವನಿಗೆ ಇವತ್ತಿಗೂ ಅದು ಪೂರ್ತಿ ಸಾಕು.

ನನಗೆ ಸಿಟ್ಟು ಬರುವುದು ಆ ಹುಡುಗನ ಮೇಲಲ್ಲ. ಅವನು ರೈಫಲ್ ಕಂಡಿದ್ದು ಮೊಬೈಲ್ ಆಟದಲ್ಲಿ. ಹಳೇದು ಅಂದಕೂಡಲೇ ಗುಜರಿ ಅನ್ನೋ ಈ ಬುದ್ಧಿಯ ಮೇಲೆ ಸಿಟ್ಟು. 2020ರ ಗಣರಾಜ್ಯೋತ್ಸವ ಪರೇಡಿನಲ್ಲಿ ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಗೆ ಗೌರವದಿಂದ ವಿದಾಯ ಹೇಳಿದರು. ನಮ್ಮಲ್ಲೂ ಹಾಗೇ ಆಗಲಿ. ಗುಂಡು ಹಾರದ ಹಾಗೆ ಮಾಡಿ, ಜಿಲ್ಲೆಗೊಂದನ್ನು ಮ್ಯೂಸಿಯಂನಲ್ಲೋ ಎನ್‌ಸಿಸಿ ಇರುವ ಕಾಲೇಜಿನಲ್ಲೋ ಇಡಲಿ. ತುಮಕೂರಿಗೆ ಒಂದು ಬಂದರೆ ತಿಂಗಳಿಗೊಮ್ಮೆ ಹೋಗಿ ಎಣ್ಣೆ ಹಚ್ಚಿ ಒರೆಸುವ ಕೆಲಸ ನನ್ನದು. ದುಡ್ಡು ಬೇಡ.