ಮಲಾಕಿಯ ಮೂರು: ಹತ್ತು ಗೊತ್ತು, ಐದು?

ಹೋದ ವರ್ಷ ನಮ್ಮ ಸಭೆಯ ಸುಗ್ಗಿ ಹಬ್ಬದಲ್ಲಿ ಒಂದು ಬೂದುಗುಂಬಳಕಾಯಿ ಮೂರೂವರೆ ಸಾವಿರಕ್ಕೆ ಹೋಯ್ತು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಬೆಳೆದವರಿಗೆ ಇದೇನೂ ಆಶ್ಚರ್ಯ ಅಲ್ಲ. ಮನೆಮನೆಯಿಂದ ಬಂದ ಬಾಳೆಗೊನೆ, ತೆಂಗಿನಕಾಯಿ, ಕೇಕು, ಕಬ್ಬಿನ ಜಲ್ಲೆ ಎಲ್ಲ ದೇವಾಲಯದ ಒಳಗೆ ಜೋಡಿಸಿಟ್ಟಿರ್ತಾರೆ, ಕೋಳಿ ಮಾತ್ರ ಹೊರಗೆ ಕಟ್ಟಿರ್ತಾರೆ. ಆರಾಧನೆ ಮುಗೀತಿದ್ದಂಗೆ ಹರಾಜು. ಮೈಕ್ ಹಿಡಿದ ಅಣ್ಣ "ಒಂದ್ಸಲ... ಎರಡ್ಸಲ..." ಅಂತ ಎಳೆದೆಳೆದು ಕೂಗುವಾಗ ಎಂಥವರ ಕೈಯೂ ತಾನಾಗೇ ಮೇಲೇಳುತ್ತೆ. ಕುಂಬಳಕಾಯಿ ಕೂಗಿಕೊಂಡವರು ನಮ್ಮ ಬೀದಿಯವರೇ. ಸೋಮವಾರ ಸಂಜೆ ಅವರ ಹೆಂಡತಿ ಮನೆಗೆ ಬಂದು, "ಟೀಚರ್, ಮಗಳ ಫೀಸಿಗೆ ಎರಡು ಸಾವಿರ ಕಡಿಮೆ ಬಿದ್ದಿದೆ" ಅಂದ್ರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಕುಂಬಳಕಾಯಿಯ ಒಂದು ಹೋಳು.

ದುಡ್ಡು ಕೊಟ್ಟೆ. ಹೋಳಿನಲ್ಲಿ ಮಜ್ಜಿಗೆಹುಳಿ ಮಾಡಿದೆ. ಕೆಜಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕ್ಕೊಂಡೇ ಉಂಡೆವು.

ಅವರನ್ನು ಆಡಿಕೊಳ್ಳೋಕೆ ಇದನ್ನು ಬರೀತಿಲ್ಲ. ನನ್ನ ಕಥೆ ಕೇಳಿ. ತಿಂಗಳ ಮೊದಲ ಭಾನುವಾರ ದಶಮಾಂಶದ (ಆದಾಯದ ಹತ್ತರಲ್ಲೊಂದು ಪಾಲಿನ) ಕವರ್ ಹಾಕೋದನ್ನು ಹದಿನೈದು ವರ್ಷದಿಂದ ತಪ್ಪಿಸಿಲ್ಲ ಅಂತ ನನಗೊಂದು ಹೆಮ್ಮೆ. ಮೂರು ವರ್ಷದ ಹಿಂದೆ ಒಂದು ತಿಂಗಳು ಇಎಂಐ, ಅಮ್ಮನ ಸ್ಕ್ಯಾನಿಂಗ್ ಎಲ್ಲ ಒಟ್ಟಿಗೆ ಬಂತು. ಕವರ್ ಹಾಕಿದೆ. ನಾಲ್ಕನೇ ತಾರೀಕು ಮನೆಗೆಲಸಕ್ಕೆ ಬರೋ ಅಕ್ಕ ಸಂಬಳ ಕೇಳಿದಾಗ "ಮುಂದಿನ ವಾರ ಕೊಡ್ತೀನಿ" ಅಂದೆ. ಆಕೆ ಏನೂ ಅನ್ನಲಿಲ್ಲ, ಪಾತ್ರೆ ತೊಳೆದಿಟ್ಟು ಹೋದಳು. ಆ ಭಾನುವಾರವೇ ಆರಾಧನೆಯ ಪ್ರಸಂಗ (ಉಪದೇಶ) ಬೈಬಲಿನ ಮಲಾಕಿಯ ಪುಸ್ತಕದ 3:10ರ ಮೇಲೆ. ದಶಮಾಂಶವನ್ನು ಬಂಡಾರಕ್ಕೆ ತನ್ನಿ, ಪರಲೋಕದ ದ್ವಾರ ತೆರೆದು ಆಶೀರ್ವಾದ ಸುರಿಸ್ತೀನೋ ಇಲ್ಲವೋ ನೋಡಿ ಅನ್ನೋ ವಚನ. ನಮ್ಮಲ್ಲಿ ಅದು ಬಾಯಿಪಾಠ ಇಲ್ಲದವರಿಲ್ಲ. ಪ್ರಸಂಗ ಉದ್ದ ಆಯ್ತು, ಕಣ್ಣು ಪುಟದ ಮೇಲಕ್ಕೆ ಹೋಯ್ತು. ಅದೇ ಅಧ್ಯಾಯದ 5ನೇ ವಚನ. ದೇವರು ನ್ಯಾಯತೀರ್ಪಿಗೆ ಬಂದಾಗ ಯಾರ ವಿರುದ್ಧ ಸಾಕ್ಷಿ ನಿಲ್ತಾನೆ ಅನ್ನೋ ಪಟ್ಟಿ: ಮಾಟಗಾರರು, ವ್ಯಭಿಚಾರಿಗಳು, ಸುಳ್ಳಾಣೆ ಇಡೋರು, ಅವರ ಪಕ್ಕದಲ್ಲೇ ಕೂಲಿಯವರ ಕೂಲಿಯಲ್ಲಿ ಮೋಸ ಮಾಡೋರು. ಯಾಜಕಕಾಂಡ 19:13ರಲ್ಲಂತೂ ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಅಂತಿದೆ. ನಾನು ಒಂದು ವಾರ ಇಟ್ಟುಕೊಂಡಿದ್ದೆ.

ಐದಕ್ಕೂ ಹತ್ತಕ್ಕೂ ನಡುವೆ ಇರೋದು ನಾಲ್ಕೇ ವಚನ. ಹತ್ತರ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೀನಿ, ಐದರ ಮೇಲೆ ಒಂದೂ ಕೇಳಿಲ್ಲ. ದಶಮಾಂಶ ಗ್ರಾಸ್ ಸಂಬಳದ ಮೇಲಾ, ನೆಟ್ ಸಂಬಳದ ಮೇಲಾ ಅಂತ ಗಂಟೆಗಟ್ಟಲೆ ವಾದ ಮಾಡ್ತೀವಿ. ಉಳಿದ ಒಂಬತ್ತು ಭಾಗ ಏನಾಯ್ತು ಅಂತ ಯಾರೂ ಕೇಳಲ್ಲ. ನನ್ನ ತಕರಾರು ಇಷ್ಟೇ: ಹತ್ತರಲ್ಲಿ ಒಂದು ಕೊಡೋದು ಸುಲಭ, ಕವರ್‌ಗೆ ಹಾಕಿದರೆ ಮುಗೀತು. ವಿಶ್ವಾಸಕ್ಕೆ ಪರೀಕ್ಷೆ ಆ ಒಂಬತ್ತರಲ್ಲಿ.

ಬಡ ವಿಧವೆಯ ಎರಡು ಕಾಸಿನ ಕಥೆಗೂ ಇದೇ ಗತಿ. ಮಾರ್ಕ 12:41ರಿಂದ ಓದ್ತಾರೆ. 40ನೇ ವಚನದಲ್ಲಿ ಯೇಸು ಬೈದಿರೋದು ಯಾರನ್ನ? ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗೋರನ್ನ. ಅದಾದ ಮರುಕ್ಷಣವೇ ಒಬ್ಬ ವಿಧವೆ ಬಂದು ತನ್ನ ಬದುಕನ್ನೆಲ್ಲ ಪೆಟ್ಟಿಗೆಗೆ ಹಾಕ್ತಾಳೆ. ಅವಳ ಬಗ್ಗೆ ಯೇಸು ಆಡಿದ ಮಾತು ಬರೀ ಹೊಗಳಿಕೆಯಾ, ಅದರಲ್ಲಿ ಸಂಕಟವೂ ಇತ್ತಾ? ನನಗಂತೂ ಎರಡೂ ಕಾಣುತ್ತೆ. ಇವತ್ತು ಯೂಟ್ಯೂಬ್‌ನಲ್ಲಿ ಕ್ಯೂಆರ್ ಕೋಡ್ ತೋರಿಸಿ "ಬೀಜ ಬಿತ್ತಿ, ನೂರರಷ್ಟು ಬೆಳೀತೀರಿ" ಅನ್ನೋರಿಗೆ ಆ 40ನೇ ವಚನ ಕಂಡೇ ಇಲ್ಲವೇನೋ. ಕೊಡುವುದಕ್ಕೆ ರಿಟರ್ನ್ ಲೆಕ್ಕ ಹಾಕಿದರೆ ಅದು ಕಾಣಿಕೆ ಅಲ್ಲ, ಚೀಟಿ ವ್ಯವಹಾರ. ಚೀಟಿಗಾದರೂ 1982ರ ಕಾಯ್ದೆ ಇದೆ.

ಸಾಲದ ವಿಷಯಕ್ಕೆ ಬರ್ತೀನಿ, ನಾನು ಹೆಚ್ಚು ಪೆಟ್ಟು ತಿಂದಿರೋದು ಇಲ್ಲೇ.

ಮೊದಲು ಕಾರ್ಡು. ನಮ್ಮ ಸಂಬಂಧಿಕರ ಹುಡುಗ ಒಬ್ಬ ಕ್ರಿಸ್ಮಸ್‌ಗೆ ಬಟ್ಟೆ, ಫೋನು, ಸೋಫಾ ಅಂತ ಐವತ್ತು ಸಾವಿರ ಉಜ್ಜಿದ. "ಆಂಟಿ, ತಿಂಗಳಿಗೆ ಎರಡೂವರೆ ಸಾವಿರ ಕಟ್ಟಿದ್ರೆ ಆಯ್ತು" ಅಂತ ನಿಶ್ಚಿಂತೆಯಿಂದ ಇದ್ದ. ಸ್ಟೇಟ್‌ಮೆಂಟ್ ತರಿಸಿ ಪೆನ್ಸಿಲ್ ಹಿಡಿದು ಕೂತೆ. ಬಡ್ಡಿ ತಿಂಗಳಿಗೆ ಶೇಕಡ 3.5, ಅಂದರೆ 1,750. ಆ ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ, 315. ಎರಡೂವರೆ ಸಾವಿರ ಕಟ್ಟಿದರೆ ಅಸಲಿಗೆ ಹೋಗೋದು 435 ರೂಪಾಯಿ. ಹುಡುಗ ಸುಮ್ಮನಾಗಿಬಿಟ್ಟ. ಸಾಲ ತಗೊಂಡವನು ಕೊಟ್ಟವನಿಗೆ ಸೇವಕ ಅಂತ ಜ್ಞಾನೋಕ್ತಿ 22:7 ಹೇಳುತ್ತೆ. ಆ 435 ನೋಡಿದ ಮೇಲೆ ಅವನಿಗೆ ವಚನ ವಿವರಿಸೋ ಕೆಲಸ ಉಳಿಯಲಿಲ್ಲ. ಅವರಮ್ಮನ ಎರಡು ಬಳೆ ಅಡವಿಟ್ಟು ಕಾರ್ಡ್ ತೀರಿಸಿದ್ವಿ. ಬಳೆ ಬಿಡಿಸಿದ್ದು ಈಸ್ಟರ್ ಕಳೆದ ಮೇಲೆ.

ಎರಡನೇದು ಜಾಮೀನು. ಕ್ವಾಯರ್‌ನಲ್ಲಿ ನನ್ನ ಜೊತೆ ಹಾಡ್ತಿದ್ದ ಒಬ್ಬ ಸಹೋದರರು ಒಂದು ಸೊಸೈಟಿಯಲ್ಲಿ ಎರಡು ಲಕ್ಷ ಸಾಲಕ್ಕೆ ಸಹಿ ಕೇಳಿದರು. "ಸುಮ್ಮನೆ ಫಾರ್ಮಾಲಿಟಿ ಸಿಸ್ಟರ್" ಅಂದ್ರು. ನಮ್ಮವರೇ ಅಲ್ಲವಾ ಅಂತ ಹಾಕಿದೆ. ಒಂಬತ್ತು ಕಂತು ಕಟ್ಟಿ ನಿಲ್ಲಿಸಿದರು. ನೋಟಿಸ್ ಬಂದಾಗ "ಮೊದಲು ಅವರನ್ನ ಕೇಳಿ" ಅಂತ ಜೋರು ಮಾಡಿಕೊಂಡು ಹೋದೆ. ಅಲ್ಲಿನ ಗುಮಾಸ್ತರು ಸಮಾಧಾನವಾಗಿ ಹೇಳಿದರು, ಕೇಳಲೇಬೇಕು ಅಂತ ಏನಿಲ್ಲ ಮೇಡಂ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದ್ದೂ ಅಷ್ಟೇ. 31 ತಿಂಗಳು ನನ್ನ ಸಂಬಳದಲ್ಲಿ ಹಿಡಿದರು. ಜ್ಞಾನೋಕ್ತಿ 6ನೇ ಅಧ್ಯಾಯ ಶುರುವಾಗೋದೇ ನೆರೆಯವನಿಗೆ ಹೊಣೆ ನಿಂತಿದ್ದರೆ ಏನು ಮಾಡಬೇಕು ಅಂತ: ಕಣ್ಣಿಗೆ ನಿದ್ದೆ ಕೊಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ಓಡೋ ಹಂಗೆ ಬಿಡಿಸಿಕೋ. ಸಂಡೇ ಸ್ಕೂಲಿನಲ್ಲಿ ಅದೇ ಅಧ್ಯಾಯದ ಇರುವೆಯ ಪಾಠ ಮಾತ್ರ ಕಲಿಸಿದ್ರು.

ಅವರನ್ನು ಕ್ಷಮಿಸಿದ್ದೀನಿ. ನಿಜವಾಗಲೂ. ಭಾನುವಾರ ಕೈ ಕುಲುಕ್ತೀನಿ. ಆದರೆ ಇನ್ಯಾರಿಗೂ ಸಹಿ ಹಾಕಲ್ಲ. ಯಾರಾದರೂ ಕೇಳಿದರೆ, ತಿರುಗಿ ಬರದಿದ್ದರೂ ಪರವಾಗಿಲ್ಲ ಅನ್ನಿಸೋಷ್ಟು ದುಡ್ಡನ್ನು ಕೊಟ್ಟೇ ಬಿಡ್ತೀನಿ. ಕುಂಬಳಕಾಯಿ ಅಕ್ಕನ ಎರಡು ಸಾವಿರವೂ ಆ ಲೆಕ್ಕದಲ್ಲೇ ಬರೆದಿರೋದು.

ಮೈಸೂರು ಸೀಮೆಯಲ್ಲಿ ನಮ್ಮ ಸಭೆಗಳಿಗೆ ಬುನಾದಿ ಹಾಕಿದವರು ವೆಸ್ಲಿಯನ್ ಮಿಷನ್ನಿನವರು, 1947ರಲ್ಲಿ ಸಿಎಸ್‌ಐ ಸೇರಿದವರು. ಆ ಮಿಷನ್ನಿಗೆ ಹೆಸರು ಬಂದಿರೋ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ 1760ರಲ್ಲಿ ಹಣದ ಬಳಕೆಯ ಬಗ್ಗೆ ಒಂದು ಪ್ರಸಂಗ ಪ್ರಕಟಿಸಿದ: ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು. ನಡುವಿನ "ಉಳಿಸು" ಅನ್ನೋದನ್ನ ನಾವು ಎಫ್‌ಡಿ ಅಂದ್ಕೋತೀವಿ. ಅವನ ಅರ್ಥ ಅದಲ್ಲ, ಸುಮ್ಮಸುಮ್ಮನೆ ಖರ್ಚು ಮಾಡಬೇಡ ಅಂತ. ಕೊಡದೆ ಕೂಡಿಡೋದಾದರೆ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಇಟ್ಟರೂ ಒಂದೇ, ಮಣ್ಣಲ್ಲಿ ಹೂತರೂ ಒಂದೇ ಅನ್ನೋ ಮನುಷ್ಯ. ಇಲ್ಲಿ ಮಾತ್ರ ನಾನು ವೆಸ್ಲಿಯವರಿಗೆ ಕೈಮುಗಿದು ಸ್ವಲ್ಪ ಪಕ್ಕಕ್ಕೆ ಸರೀತೀನಿ. 2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದ ನನ್ನಂಥವಳಿಗೆ ಹಳೇ ಪಿಂಚಣಿ ಇಲ್ಲ. ಮೂಲವೇತನ, ಡಿಎ ಎರಡರ ಮೇಲೆ ಶೇಕಡ 10 ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ) ಹಿಡೀತಾರೆ. ದೇವರಿಗೊಂದು ದಶಮಾಂಶ, ಎನ್‌ಪಿಎಸ್‌ಗೊಂದು ದಶಮಾಂಶ, ಎರಡರ ಫಲವೂ ಆಮೇಲೇ ಗೊತ್ತಾಗೋದು ಅಂತ ಸ್ಟಾಫ್‌ರೂಮಿನಲ್ಲಿ ತಮಾಷೆ ಮಾಡ್ತಿರ್ತೀನಿ. ಏಳು ವರ್ಷದ ಸುಭಿಕ್ಷದಲ್ಲಿ ಯೋಸೇಫ ಧಾನ್ಯ ಕೂಡಿಟ್ಟಿದ್ದೂ ಬೈಬಲಿನಲ್ಲೇ ಇದೆ. ಮುದುಕಿಯಾದಾಗ ಮಕ್ಕಳ ಮುಂದೆ, ಸಭೆಯ ಮುಂದೆ ಕೈ ಚಾಚದೇ ಇರೋದೂ ಒಂದು ಥರ ಕೊಡೋದೇ ಅಂತ ನಾನು ನಂಬಿದ್ದೀನಿ.

ಈಗ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲು ಬದಲಾಗಿದೆ. ಒಂದನೇ ತಾರೀಕು ಬೆಳಿಗ್ಗೆ ಮನೆಗೆಲಸದ ಅಕ್ಕನ ಸಂಬಳ, ಹಾಲಿನವರದ್ದು, ಇಸ್ತ್ರಿಯವರದ್ದು. ಕಾಣಿಕೆಯ ಕವರ್ ಎರಡನೇ ಸಾಲು. ನಮ್ಮ ಸಭೆಯ ಪಾದ್ರಿ ಅಯ್ಯನವರಿಗೆ ಹೇಳಿದೆ, ನಕ್ಕರು, ತಪ್ಪು ಅನ್ನಲಿಲ್ಲ. "ಐದನೇ ವಚನದ ಮೇಲೆ ಒಂದು ಪ್ರಸಂಗ ಮಾಡಿ ಅಯ್ಯನವರೇ" ಅಂದಿದ್ದಕ್ಕೆ ಮಾತ್ರ ಉತ್ತರ ಬಂದಿಲ್ಲ.

ಈ ಸಲದ ಸುಗ್ಗಿ ಹಬ್ಬಕ್ಕೆ ಐನೂರು ರೂಪಾಯಿ ಮಡಚಿ ಬೈಬಲಿನೊಳಗೆ ಇಟ್ಟಿದ್ದೀನಿ. ನನ್ನ ಕಣ್ಣಿರೋದು ನಿಂಬೆಹಣ್ಣಿನ ಮೇಲೆ. ಐನೂರ ಒಂದಕ್ಕೆ ಹೋದರೆ ಬಿಟ್ಟುಬಿಡ್ತೀನಿ, ಮೈಕಿನ ಅಣ್ಣ ಎಷ್ಟಾದರೂ ಎಳೀಲಿ.