"ನಿದ್ದೆ ಬರ್ತದೆ, ಅಷ್ಟೇ"

ಈಗಷ್ಟೇ ಮೆಡಿಕಲ್ ಶಾಪಿನಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಉಡುಪಿ ಸಿಟಿ ಬಸ್ ಸ್ಟ್ಯಾಂಡಿನ ಹತ್ತಿರ. ನನ್ನ ಮುಂದೆ ನಿಂತಿದ್ದವಳ ಸೊಂಟದಲ್ಲಿ ಮಗು, ಕೆಳಗಿನ ಎರಡು ಹಲ್ಲು ಮಾತ್ರ ಮೂಡಿದೆ. "ಅಣ್ಣ, ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಹೋಗ್ಲಿಕ್ಕುಂಟು. ಇವ ಮಲಗುವ ಹಾಗೆ ಎಂತಾದ್ರೂ ಕೊಡಿ." ಅಂಗಡಿಯವ ಪ್ರಾಯ ಕೇಳಲಿಲ್ಲ, ಚೀಟಿ ಕೇಳಲಿಲ್ಲ. ಅಲರ್ಜಿಗೆ ಕೊಡುವ ಪ್ರೊಮೆಥಜೈನ್ ಸಿರಪ್ ತೆಗೆದಿಟ್ಟ. "ಒಂದು ಚಮಚ ಕೊಡಿ ಅಕ್ಕ. ನಿದ್ದೆ ಬರ್ತದೆ, ಅಷ್ಟೇ."

ಅಷ್ಟೇ ಅಲ್ಲ ಮಾರಾಯ್ರೆ! ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಲೇಬಾರದು. ಉಸಿರು ಕುಗ್ಗಿ ಜೀವ ಹೋಗಬಹುದು. ನಾನು ಬಾಯಿ ಹಾಕಿದೆ. ಬಾಟಲಿ ಒಳಗೆ ಹೋಯಿತು, ಅವನ ಮುಖ ದಪ್ಪವಾಯಿತು. ಆಗಲಿ.

ಇಂಥದ್ದೇ ಒಂದು ಮಾತ್ರೆಯಿಂದ ನನ್ನ ಅಪ್ಪ ಆಸ್ಪತ್ರೆ ಸೇರಿದ್ದರು. ಆ ಮಾತ್ರೆ ಕೊಟ್ಟದ್ದು ನಾನೇ ಅಂತ ಯಾರಿಗೂ ಹೇಳಿರಲಿಲ್ಲ. ಆಟಿ ತಿಂಗಳ ಮಳೆಗೆ ಮೈಯೆಲ್ಲ ತುರಿಕೆ ಅಂದರು. ಮನೆಯಲ್ಲಿದ್ದ ಅಲರ್ಜಿ ಮಾತ್ರೆ ಕ್ಲೋರ್‌ಫೆನಿರಮೈನ್ ಕೊಟ್ಟೆ. ಎರಡು ರಾತ್ರಿ ಚೆನ್ನಾಗಿ ಮಲಗಿದರು, ನನಗೂ ಸಮಾಧಾನ. ಮೂರನೆಯ ರಾತ್ರಿ ನೋಡಿದರೆ ಬಚ್ಚಲಲ್ಲಿ ಗೋಡೆಗೆ ಕೈಕೊಟ್ಟು ನಿಂತಿದ್ದಾರೆ, ಮೂತ್ರ ಒಂದು ಹನಿ ಹೋಗುತ್ತಿಲ್ಲ. ನನ್ನನ್ನು ತೀರಿಹೋದ ಅತ್ತೆಯ ಹೆಸರು ಹಿಡಿದು ಕರೆದರು. ಕೊನೆಗೆ ನಳಿಕೆ ಹಾಕಬೇಕಾಯಿತು. ಪ್ರಾಸ್ಟೇಟ್ ತೊಂದರೆ ಮೊದಲೇ ಇತ್ತು. ನಾನು ಯೋಚಿಸಲೇ ಇಲ್ಲ.

ನಮ್ಮನ್ನು ಎಚ್ಚರವಾಗಿಡುವುದರಲ್ಲಿ ಮಿದುಳಿನ ರಾಸಾಯನಿಕ ಹಿಸ್ಟಮೈನ್‌ಗೂ ಪಾಲುಂಟು. ಅಲರ್ಜಿಯ ಈ ಹಳೇ ಔಷಧಿಗಳು ಮಿದುಳಿಗೇ ನುಗ್ಗಿ ಅದನ್ನು ತಡೆಯುತ್ತವೆ. ನಿದ್ದೆ ಬರುವುದು ಹಾಗೆ. ಅಸಿಟೈಲ್‌ಕೋಲಿನ್ ಎಂಬ ಇನ್ನೊಂದರ ಕೆಲಸಕ್ಕೂ ಅಡ್ಡ ಬರುತ್ತವೆ, ಅದಕ್ಕೇ ಬಾಯಿ ಒಣಗುವುದು, ಮೂತ್ರ ಕಟ್ಟುವುದು, ಪ್ರಾಯವಾದವರಿಗೆ ಭ್ರಮೆ. ರಾತ್ರಿ ನುಂಗಿದರೆ ಬೆಳಿಗ್ಗೆ ಸ್ಕೂಟರ್ ಹತ್ತುವಾಗಲೂ ಮಂಪರು ಇರಬಹುದು.

"ನಾವೆಲ್ಲ ಇದನ್ನೇ ಕುಡಿದು ದೊಡ್ಡವರಾಗ್ಲಿಲ್ವಾ?" ಅಂತ ಚಿಕ್ಕಮ್ಮ ಕೇಳುತ್ತಾರೆ. ಔಷಧಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚಾರ್ಮಾಡಿ ಘಾಟಿಯಲ್ಲಿ ನಾನು ವಾಂತಿ ಮಾಡದೆ ದಾಟುವುದು ಅವೋಮಿನ್ ನುಂಗಿಯೇ, ಅದೂ ಪ್ರೊಮೆಥಜೈನೇ. ಆದರೆ ನಾಲ್ಕು ವರ್ಷದೊಳಗಿನವರಿಗೆ ಕ್ಲೋರ್‌ಫೆನಿರಮೈನ್-ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧಿ ಕೊಡಬಾರದು ಅಂತ 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದು ಸುಮ್ಮನೆ ಅಲ್ಲ. ನೆಗಡಿಗೇ ಬೇಡ ಅಂದದ್ದನ್ನು ಬರೇ ಮಲಗಿಸಲಿಕ್ಕೆ ಕೊಡುವುದೆಂದರೆ?

ಅಂಗಡಿಯಿಂದ ಹೊರಗೆ ಬಂದು ಆ ಮಗುವಿನ ತಾಯಿ ಹೇಳಿದಳು: "ಹೋದ ಸಲ ಇವ ಅತ್ತದ್ದಕ್ಕೆ ಬಸ್ಸಿನವರೆಲ್ಲ ಬೈದ್ರು ಅಕ್ಕ." ಅವಳ ಮೇಲೆ ನನಗೆ ಸಿಟ್ಟಿಲ್ಲ. ಇವತ್ತು ರಾತ್ರಿ ಬೆಂಗಳೂರು ಬಸ್ಸು ಹತ್ತುವವರು ಇದನ್ನು ಓದುತ್ತಿದ್ದರೆ, ಹಿಂದಿನ ಸೀಟಿನಲ್ಲಿ ಮಗು ಅತ್ತರೆ ದಯವಿಟ್ಟು ತಿರುಗಿ ದಿಟ್ಟಿಸಬೇಡಿ. ಅಳಲಿ.